ಧ್ವನಿ ಮತ್ತು ಚಿತ್ರ ದಾಖಲೆಗಳು: ತೆಗೆದರೆ ಸಾಲದು, ಕಾಪಿಡಬೇಕು

ಇಂದು ನಮ್ಮ ಊರುಗಳಲ್ಲಿ ಕ್ಯಾಮೆರಾ ಇಲ್ಲದ ಕಾರ್ಯಕ್ರಮವೇ ಇಲ್ಲ. ಶಾಲೆಯ ವಾರ್ಷಿಕೋತ್ಸವವಿರಲಿ, ಸಹಕಾರಿ ಸಂಘದ ಮಹಾಸಭೆಯಿರಲಿ, ಇಗರ್ಜಿಯ ಹಬ್ಬವಿರಲಿ, ಯುವಕ ಮಂಡಲದ ನಾಟಕವಿರಲಿ, ವೇದಿಕೆಯ ಮೇಲೆ ದೀಪ ಬೆಳಗುವ ಮೊದಲೇ ಹತ್ತಾರು ಮೊಬೈಲುಗಳು ಮೇಲೇಳುತ್ತವೆ. ಒಂದೇ ಸಂಜೆಯಲ್ಲಿ ನೂರಾರು ಫೋಟೋಗಳು, ಗಂಟೆಗಟ್ಟಲೆ ವಿಡಿಯೋ ಸಿದ್ಧವಾಗುತ್ತವೆ. ಮರುದಿನ ಅವು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಒಂದು ವಾರ ಕಳೆದ ಮೇಲೆ ಯಾರೂ ಅವುಗಳತ್ತ ನೋಡುವುದಿಲ್ಲ.

ಸಂಸ್ಥೆಗೆ ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಬಂದಾಗ ಹುಡುಕಾಟ ಶುರುವಾಗುತ್ತದೆ. ಸ್ಮರಣ ಸಂಚಿಕೆಗೆ ಹಳೆಯ ಫೋಟೋ ಬೇಕು, ಸಾಕ್ಷ್ಯಚಿತ್ರಕ್ಕೆ ಸ್ಥಾಪಕರ ಧ್ವನಿ ಬೇಕು. ಆದರೆ ಕ್ಯಾಸೆಟ್ ಸಿಕ್ಕರೆ ಅದನ್ನು ನುಡಿಸುವ ಯಂತ್ರವಿಲ್ಲ, ಸಿಡಿ ಸಿಕ್ಕರೆ ಅದು ತೆರೆಯುವುದಿಲ್ಲ, ಫೋಟೋ ಸಿಕ್ಕರೆ ಅದರಲ್ಲಿರುವವರು ಯಾರೆಂದು ಹೇಳುವವರಿಲ್ಲ. ಹೀಗಾಗದಂತೆ ಒಂದು ಸಾಮಾನ್ಯ ಸಂಸ್ಥೆ, ದೊಡ್ಡ ಖರ್ಚಿಲ್ಲದೆ, ತನ್ನ ಧ್ವನಿ ಮತ್ತು ಚಿತ್ರ ದಾಖಲೆಗಳನ್ನು ಹೇಗೆ ನೋಡಿಕೊಳ್ಳಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಎರಡು ಗಡಿಯಾರಗಳು

ನಮ್ಮ ಹಳೆಯ ದಾಖಲೆಗಳ ವಿರುದ್ಧ ಎರಡು ಗಡಿಯಾರಗಳು ಓಡುತ್ತಿವೆ.

ಮೊದಲನೆಯದು ವಸ್ತುವಿನ ಗಡಿಯಾರ. ಫಿಲಿಪ್ಸ್ ಕಂಪನಿ 1963ರಲ್ಲಿ ಆಡಿಯೋ ಕ್ಯಾಸೆಟ್ಟನ್ನು ಲೋಕಕ್ಕೆ ಪರಿಚಯಿಸಿತು. 1976ರಲ್ಲಿ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್, 1982ರಲ್ಲಿ ಸಿಡಿ, 1995ರಲ್ಲಿ ಮಿನಿಡಿವಿ ಟೇಪ್ ಬಂದವು. ನಮ್ಮ ಕರಾವಳಿಯ ಮದುವೆಗಳು, ಗುರುದೀಕ್ಷೆಗಳು, ನಾಟಕಗಳು, ತಾಳಮದ್ದಳೆಗಳು ಬಹುಪಾಲು ಇವುಗಳಲ್ಲೇ ಸೇರಿಕೊಂಡಿವೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನೈ 2016ರಲ್ಲಿ ಅದನ್ನು ನಿಲ್ಲಿಸಿತು. 2019ರಲ್ಲಿ ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಧ್ವನಿ ಹಾಗೂ ದೃಶ್ಯ ಸಂಗ್ರಹಾಲಯಗಳ ಸಂಘವಾದ ಐಎಎಸ್‌ಎ ಸೇರಿ ಟೇಪುಗಳ ಬಗ್ಗೆ ಒಂದು ಎಚ್ಚರಿಕೆ ನೀಡಿದವು. ಹಳೆಯ ಟೇಪುಗಳನ್ನು ನುಡಿಸುವ ಯಂತ್ರಗಳು, ಬಿಡಿಭಾಗಗಳು, ದುರಸ್ತಿ ತಿಳಿದವರು 2025ರ ಹೊತ್ತಿಗೆ ತೀರಾ ವಿರಳವಾಗುತ್ತಾರೆ ಎಂಬುದು ಅದರ ಸಾರ. ಆ ವರ್ಷವೂ ಬಂದು ಹೋಗಿದೆ.

ನಮ್ಮ ಹವೆಯೂ ಟೇಪಿಗೆ ಒಳ್ಳೆಯದಲ್ಲ. ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿ. ತೇವಾಂಶವನ್ನು ಹೀರಿದ ಅಂಟು ಕೆಲವು ಬಗೆಯ ಟೇಪುಗಳಲ್ಲಿ ಜಿಗುಟಾಗುತ್ತದೆ. ಆಗ ಟೇಪ್ ಯಂತ್ರದ ಹೆಡ್ಡಿಗೆ ಅಂಟಿಕೊಂಡು ಪುಡಿ ಉದುರುತ್ತದೆ, ಪುಡಿಯ ಜೊತೆ ಧ್ವನಿಯೂ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ನಾಡಿನಲ್ಲಿ, ಅದೇ ಕಪಾಟಿನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ?

ಎರಡನೆಯದು ಮನುಷ್ಯರ ನೆನಪಿನ ಗಡಿಯಾರ. ಇದು ಹೆಚ್ಚು ವೇಗವಾಗಿ ಓಡುತ್ತದೆ. 1970ರ ಒಂದು ಫೋಟೋದಲ್ಲಿ ಇಪ್ಪತ್ತು ಮಂದಿ ಸಾಲಾಗಿ ನಿಂತಿದ್ದಾರೆ ಎಂದುಕೊಳ್ಳೋಣ. ಅವರ ಹೆಸರು ಗೊತ್ತಿರುವ ಹಿರಿಯರು ಊರಿನಲ್ಲಿ ಇಬ್ಬರೋ ಮೂವರೋ ಉಳಿದಿರುತ್ತಾರೆ. ಅವರೂ ಹೋದ ಮೇಲೆ ಆ ಫೋಟೋ ಎಷ್ಟೇ ಸ್ಪಷ್ಟವಾಗಿರಲಿ, ಅಪರಿಚಿತರ ಚಿತ್ರವಷ್ಟೇ. ಕೆಟ್ಟ ಯಂತ್ರವನ್ನು ಎಲ್ಲಿಂದಾದರೂ ತಂದು ಸರಿಪಡಿಸಬಹುದು, ತೀರಿಹೋದವರ ನೆನಪನ್ನು ತರಲಾಗದು. ಆದ್ದರಿಂದ ಈ ಕೆಲಸದಲ್ಲಿ ಕಂಪ್ಯೂಟರಿಗಿಂತ ಮೊದಲು ಬೇಕಾದುದು ಪೆನ್ನು ಮತ್ತು ಪುಸ್ತಕ.

ದೊಡ್ಡವರೂ ಕಳೆದುಕೊಂಡಿದ್ದಾರೆ

ದಾಖಲೆ ಕಳೆದುಕೊಳ್ಳುವುದು ಹಣವಿಲ್ಲದ ಸಣ್ಣ ಸಂಸ್ಥೆಗಳ ಕಷ್ಟ ಮಾತ್ರವಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಮೊದಲು ಕಾಲಿಟ್ಟಾಗಿನ ದೃಶ್ಯಗಳ ಮೂಲ ಟೇಪುಗಳನ್ನು ನಾಸಾ ಬಹುಕಾಲ ಹುಡುಕಿತು. ಅವನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗಿದೆ ಎಂದು 2009ರಲ್ಲಿ ತಿಳಿಸಬೇಕಾಯಿತು. ಟಿವಿ ಪ್ರಸಾರದ ಪ್ರತಿಗಳು ಬೇರೆಡೆ ಉಳಿದಿದ್ದ ಕಾರಣ ಆ ದೃಶ್ಯಗಳನ್ನು ಇಂದು ನೋಡುತ್ತಿದ್ದೇವೆ. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಟೇಪಿನ ಖರ್ಚು ಉಳಿಸಲು ತನ್ನ ಹಲವು ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಕಳೆದುಹೋದ ಕಂತುಗಳ ಧ್ವನಿ ಮಾತ್ರ ಉಳಿದಿದೆ. ಅದಕ್ಕೆ ಕಾರಣ, ಕೆಲವು ಅಭಿಮಾನಿಗಳು ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡಿದ್ದರು.

ನಮ್ಮಲ್ಲೂ ಹಾಗೆಯೇ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. 2003ರ ಜನವರಿಯಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳಿಗೆ ಬೆಂಕಿ ಬಿದ್ದು ಭಾರತೀಯ ಚಿತ್ರರಂಗದ ಅನೇಕ ಹಳೆಯ ಚಿತ್ರಗಳು ಸುಟ್ಟುಹೋದವು.

ಇನ್ನೊಂದು ಉದಾಹರಣೆ ನಾವು ಯೋಚಿಸಬೇಕಾದಂಥದ್ದು. ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜನ ಆಜ್ಞೆಯಂತೆ ಊರೂರಿನ ಭೂಮಿ, ಆಸ್ತಿಗಳ ವಿವರ ಬರೆದ ‘ಡೂಮ್ಸ್‌ಡೇ’ ಪುಸ್ತಕವಿದೆ. ಅದಕ್ಕೆ 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ದೇಶದ ಶಾಲಾಮಕ್ಕಳಿಂದ ಮಾಹಿತಿ, ಫೋಟೋಗಳನ್ನು ಸಂಗ್ರಹಿಸಿ ಲೇಸರ್ ಡಿಸ್ಕಿನಲ್ಲಿ ಹೊಸ ಡೂಮ್ಸ್‌ಡೇ ತಯಾರಿಸಿತು. ಹದಿನೈದೇ ವರ್ಷಗಳಲ್ಲಿ ಆ ಡಿಸ್ಕನ್ನು ಓದುವ ಯಂತ್ರಗಳು ಕಾಣೆಯಾದವು, ಮಾಹಿತಿಯನ್ನು ಹೊರತೆಗೆಯಲು ತಜ್ಞರು ವಿಶೇಷವಾಗಿ ಶ್ರಮಿಸಬೇಕಾಯಿತು. ಚರ್ಮದ ಹಾಳೆಗಳ ಮೇಲೆ ಶಾಯಿಯಿಂದ ಬರೆದ 1086ರ ಪುಸ್ತಕವನ್ನು ಮಾತ್ರ ಇವತ್ತಿಗೂ ಓದಬಹುದು. ನಮ್ಮ ಇಗರ್ಜಿಗಳಲ್ಲಿರುವ ನೂರು ವರ್ಷ ಹಳೆಯ ದೀಕ್ಷಾಸ್ನಾನ ಪುಸ್ತಕವನ್ನು ತೆರೆದ ಕೂಡಲೇ ಓದಬಹುದು, ಹದಿನೈದು ವರ್ಷ ಹಿಂದಿನ ಸಿಡಿಯ ಬಗ್ಗೆ ಆ ಭರವಸೆ ಇಲ್ಲ.

ಡಿಜಿಟಲ್ ಎಂದರೆ ಶಾಶ್ವತವಲ್ಲ

‘ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಬಿಟ್ಟಿದ್ದೇವೆ, ಇನ್ನು ಚಿಂತೆಯಿಲ್ಲ’ ಎನ್ನುವ ಮಾತು ಅನೇಕ ಸಂಸ್ಥೆಗಳಲ್ಲಿ ಕೇಳಿಬರುತ್ತದೆ. ಚಿಂತೆ ಅಲ್ಲಿಂದಲೇ ಶುರುವಾಗುತ್ತದೆ. ಕಾಗದ ಹಳದಿಯಾಗುತ್ತಾ ನಿಧಾನವಾಗಿ ಹಾಳಾಗುತ್ತದೆ, ನಮಗೆ ಮುನ್ಸೂಚನೆ ಸಿಗುತ್ತದೆ. ಡಿಜಿಟಲ್ ಫೈಲು ಇವತ್ತು ಚೆನ್ನಾಗಿದ್ದು ನಾಳೆ ಪೂರ್ತಿ ಇಲ್ಲದಂತಾಗಬಹುದು.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ಭಾಗಗಳಿವೆ, ಅದು ಒಂದು ದಿನ ಕೆಡುತ್ತದೆ. ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡ್ ಮಾಹಿತಿಯನ್ನು ವಿದ್ಯುತ್ ಆವೇಶವಾಗಿ ಹಿಡಿದಿಡುತ್ತವೆ, ವರ್ಷಗಟ್ಟಲೆ ಮೇಜಿನ ಡ್ರಾಯರಿನಲ್ಲೇ ಬಿದ್ದಿದ್ದರೆ ಅದು ಸೋರಿಹೋಗುವ ಸಾಧ್ಯತೆ ಇದೆ. ಮನೆಯಲ್ಲಿ ಬರೆದ ಸಿಡಿ ಮತ್ತು ಡಿವಿಡಿಗಳಲ್ಲಿ ಮಾಹಿತಿ ನಿಂತಿರುವುದು ಬಣ್ಣದ ತೆಳುವಾದ ಪದರದ ಮೇಲೆ, ಸೆಖೆ ಮತ್ತು ಬಿಸಿಲಿಗೆ ಅದು ಕೆಡುತ್ತದೆ. ಇವೆಲ್ಲ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಒಳ್ಳೆಯವು, ಕಾಪಿಡಲು ಒಳ್ಳೆಯವಲ್ಲ.

ಇಂಟರ್ನೆಟ್ಟಿನಲ್ಲಿ ಹಾಕಿದರೆ ಸಾಕೇ? ಒಂದು ಕಾಲದಲ್ಲಿ ಬಹಳ ಹೆಸರಾಗಿದ್ದ ಮೈಸ್ಪೇಸ್ ತಾಣವು 2003ರಿಂದ 2015ರ ತನಕ ಬಳಕೆದಾರರು ಹಾಕಿದ್ದ ಹಾಡುಗಳನ್ನು ಸರ್ವರ್ ಬದಲಾಯಿಸುವಾಗ ಕಳೆದುಕೊಂಡಿತು, ಆ ವಿಷಯ 2019ರಲ್ಲಿ ಬಹಿರಂಗವಾಯಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿತು. ಸಂಘದ ಎಲ್ಲ ಫೋಟೋಗಳು ಹಿಂದಿನ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದ್ದು, ಅವರು ಕೊಲ್ಲಿಯ ಕೆಲಸಕ್ಕೆ ಹೋಗಿ ಪಾಸ್‌ವರ್ಡನ್ನೇ ಮರೆತರೆ ಏನು ಗತಿ? ವಾಟ್ಸಾಪ್ ಸಾಮಾನ್ಯವಾಗಿ ಫೋಟೋ ಮತ್ತು ವಿಡಿಯೋಗಳನ್ನು ಕುಗ್ಗಿಸಿ ಕಳುಹಿಸುತ್ತದೆ. ಮೊಬೈಲ್ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ, ಪುಸ್ತಕದಲ್ಲಿ ಅಚ್ಚು ಹಾಕಿದಾಗ ಮುಖಗಳು ಮಸುಕಾಗುತ್ತವೆ. ವಾಟ್ಸಾಪಿನಲ್ಲೇ ಕಳುಹಿಸಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಆಗ ಮೂಲ ಫೈಲೇ ಬರುತ್ತದೆ.

ಮೊದಲ ಹೆಜ್ಜೆ: ಪಟ್ಟಿ

ಯಾವುದೇ ಯಂತ್ರ ಕೊಳ್ಳುವ ಮೊದಲು ನಮ್ಮಲ್ಲಿ ಏನಿದೆ ಎಂದು ತಿಳಿಯಬೇಕು. ಕಚೇರಿಯ ಕಪಾಟು, ಅಟ್ಟ, ಹಳೆಯ ಕಂಪ್ಯೂಟರು, ಹಿಂದಿನ ಪದಾಧಿಕಾರಿಗಳ ಮನೆ, ಊರಿನ ಸ್ಟುಡಿಯೋ, ಎಲ್ಲ ಕಡೆ ಕೇಳಿ ನೋಡಿ. ಸಿಕ್ಕಿದ ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಕೊಡಿ. ಒಂದು ದಪ್ಪ ಪುಸ್ತಕದಲ್ಲಿ ಹೀಗೆ ಬರೆಯಿರಿ: ಕ್ರಮಸಂಖ್ಯೆ, ವಸ್ತು ಯಾವುದು, ಯಾವ ಕಾರ್ಯಕ್ರಮ, ದಿನಾಂಕ, ಸ್ಥಳ, ಯಾರಿದ್ದಾರೆ, ಯಾರು ತೆಗೆದದ್ದು, ಎಷ್ಟು ನಿಮಿಷ, ಸ್ಥಿತಿ ಹೇಗಿದೆ, ಯಾರಿಂದ ಬಂತು. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಊಹಿಸಿ ಬರೆಯಬೇಡಿ. ಅಂದಾಜು ಇದ್ದರೆ ‘ಸುಮಾರು’ ಎಂದೇ ಬರೆಯಿರಿ. ಕ್ಯಾಸೆಟ್ ಡಬ್ಬಿಯ ಮೇಲಿನ ಹಳೆಯ ಬರಹವನ್ನು ಇದ್ದ ಹಾಗೆಯೇ ನಕಲು ಮಾಡಿ. ತಪ್ಪಾಗಿದ್ದರೂ ಅದೊಂದು ಸುಳಿವು.

ಈ ಪಟ್ಟಿಯನ್ನು ಕಂಪ್ಯೂಟರಿಗೂ ಏರಿಸಿ, ಆದರೆ ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಹಿಂದೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಎಷ್ಟೋ ವರದಿಗಳು ಇಂದು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅಂಥ ಕಡತಗಳಿದ್ದರೆ ಅವನ್ನೂ ಯೂನಿಕೋಡಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.

ನಂತರ ಒಂದು ಭಾನುವಾರ ಊರಿನ ಹಿರಿಯರನ್ನು ಕರೆಯಿರಿ. ಒಂದು ಲೋಟ ಚಹಾ ಕೊಟ್ಟು ಹಳೆಯ ಫೋಟೋಗಳನ್ನು ಮುಂದಿಡಿ. ಎಡದಿಂದ ಬಲಕ್ಕೆ ಯಾರು ಯಾರು ಎಂದು ಕೇಳಿ ಬರೆದುಕೊಳ್ಳಿ. ಅವರು ಮಾತನಾಡುವುದನ್ನೇ ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಅದೂ ಒಂದು ದಾಖಲೆಯಾಗುತ್ತದೆ. ಮೂಲ ಫೋಟೋದ ಹಿಂಬದಿಗೆ ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ, ಮೆದು ಪೆನ್ಸಿಲಿನಿಂದ ಕ್ರಮಸಂಖ್ಯೆ ಹಾಕಿದರೆ ಸಾಕು.

ವಿವರದ ಬೆಲೆ: ಸಿರಿ ಪಾಡ್ದನದ ಉದಾಹರಣೆ

ಧ್ವನಿಯ ಜೊತೆಗೆ ವಿವರವೂ ಇದ್ದರೆ ಎಂಥ ಪ್ರಯೋಜನ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರ ತಂಡವು ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ದಾಖಲಿಸಿತು. ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರು ಈ ಕೆಲಸದಲ್ಲಿ ಜೊತೆಗಿದ್ದರು. ಹಾಡಿದವರು ಯಾರು, ಎಲ್ಲಿ, ಯಾವಾಗ, ಯಾವ ಸಂದರ್ಭ ಎಂಬ ವಿವರಗಳ ಸಮೇತ ದಾಖಲೆಯಾದುದರಿಂದ ಮುಂದಿನ ಕೆಲಸ ಸಾಧ್ಯವಾಯಿತು. 1998ರಲ್ಲಿ 15,683 ಸಾಲುಗಳ ಮಹಾಕಾವ್ಯವಾಗಿ ಅದು ಹೆಲ್ಸಿಂಕಿಯಿಂದ ಪ್ರಕಟವಾಗಿ ಜಗತ್ತಿನ ವಿದ್ವಾಂಸರ ಕೈ ಸೇರಿತು. ಅದೇ ಹಾಡು ಹೆಸರಿಲ್ಲದ ಕ್ಯಾಸೆಟ್ಟಿನಲ್ಲಿದ್ದಿದ್ದರೆ ‘ಯಾರೋ ಹಾಡಿದ ಪಾಡ್ದನ’ ಎಂದಷ್ಟೇ ಉಳಿಯುತ್ತಿತ್ತು.

ರೋಸಿನ ಮನೆಯಲ್ಲಿ ವೊವಿಯೊ ಹಾಡುವ ಅಜ್ಜಿಯಂದಿರು, ಗುಮಟ ಬಾರಿಸುವ ಹಿರಿಯರು, ಹಳೆಯ ನಾಟಕಗಳ ಮಾತು ಬಾಯಿಪಾಠವಿರುವ ಕಲಾವಿದರು ನಮ್ಮ ನಡುವೆ ಇನ್ನೂ ಇದ್ದಾರೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಂಥ ಸಂಸ್ಥೆಗಳು ಕರಾವಳಿಯ ಕಲೆಗಳನ್ನು ದಾಖಲಿಸಿಟ್ಟಿವೆ. ಆದರೆ ಒಂದು ಊರಿನ, ಒಂದು ವಾರ್ಡಿನ ಧ್ವನಿಯನ್ನು ಆ ಊರಿನವರೇ ಕಾಪಾಡಬೇಕಲ್ಲವೇ?

ಟೇಪಿನಿಂದ ಕಂಪ್ಯೂಟರಿಗೆ

ಪಟ್ಟಿ ಆದ ಮೇಲೆ ವರ್ಗಾವಣೆಯ ಕೆಲಸ. ಕೆಲವು ಎಚ್ಚರಿಕೆಗಳನ್ನು ಮರೆಯಬಾರದು.

ಒಂದು: ಬೂಷ್ಟು ಹಿಡಿದ, ಅಂಟಾದ, ತುಂಡಾದ ಟೇಪನ್ನು ನುಡಿಸಿ ನೋಡಬೇಡಿ. ಒಂದು ಬೂಷ್ಟು ಟೇಪಿನಿಂದ ಯಂತ್ರವೂ ಉಳಿದ ಟೇಪುಗಳೂ ಹಾಳಾಗುತ್ತವೆ. ಅದನ್ನು ಬೇರೆ ಚೀಲದಲ್ಲಿಟ್ಟು ತಿಳಿದವರಿಗೆ ಕೊಡಿ. ಒಲೆಯಲ್ಲಿ ಬಿಸಿ ಮಾಡುವ, ಬಿಸಿಲಿಗೆ ಇಡುವ ಮನೆಮದ್ದುಗಳು ಬೇಡ.

ಎರಡು: ನುಡಿಸುವ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ ಚಿಮುಟನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಆಗಾಗ ಶುಚಿಗೊಳಿಸಿ.

ಮೂರು: ಮೂಲ ಪ್ರತಿಯನ್ನು ಎಂಪಿ3 ಆಗಿ ಉಳಿಸಬೇಡಿ. ಗಾತ್ರ ಕುಗ್ಗಿಸಲು ಎಂಪಿ3 ಧ್ವನಿಯ ಒಂದು ಪಾಲನ್ನು ಬಿಸಾಡುತ್ತದೆ, ಅದು ಮತ್ತೆ ಸಿಗುವುದಿಲ್ಲ. ಕಾಪಿಡುವ ಪ್ರತಿ ವೇವ್ ಫೈಲಾಗಿರಲಿ. ಐಎಎಸ್‌ಎ ಮಾರ್ಗಸೂಚಿ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಎನ್ನುತ್ತದೆ, ಸಾಧ್ಯವಾದರೆ 96 ಕಿಲೋಹರ್ಟ್ಸ್ ಉತ್ತಮ ಎನ್ನುತ್ತದೆ. ಹಾಗೆ ಮಾಡಿದರೆ ಒಂದು ಗಂಟೆಯ ಸ್ಟೀರಿಯೋ ಧ್ವನಿಗೆ ಸುಮಾರು 1 ಜಿಬಿ ಅಥವಾ 2 ಜಿಬಿ ಜಾಗ ಬೇಕು. ನೂರು ಗಂಟೆಯ ಕ್ಯಾಸೆಟ್ಟುಗಳು ಸುಮಾರು 100ರಿಂದ 200 ಜಿಬಿಯಲ್ಲಿ ಮುಗಿಯುತ್ತವೆ. ಇಂದಿನ 1 ಟಿಬಿ ಡಿಸ್ಕಿಗೆ ಅದು ಭಾರವಲ್ಲ. ಹಂಚಲು, ಕೇಳಲು ಬೇಕಾದರೆ ಆ ವೇವ್ ಫೈಲಿನಿಂದ ಎಂಪಿ3 ಪ್ರತಿ ಮಾಡಿಕೊಳ್ಳಿ.

ನಾಲ್ಕು: ಮಿನಿಡಿವಿ ಟೇಪಿನಲ್ಲಿರುವುದು ಆಗಲೇ ಡಿಜಿಟಲ್ ಮಾಹಿತಿ. ಅದನ್ನು ಫೈರ್‌ವೈರ್ ತಂತಿಯ ಮೂಲಕ ಇದ್ದ ಹಾಗೆಯೇ ಇಳಿಸಿಕೊಳ್ಳಬೇಕು, ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ವಿಎಚ್‌ಎಸ್ ವಿಡಿಯೋವನ್ನು ಕುಗ್ಗಿಸದೆ ಇಳಿಸಿಕೊಂಡರೆ ಗಂಟೆಗೆ 90 ಜಿಬಿ ದಾಟಬಹುದು. ಗುಣಮಟ್ಟ ಕಳೆದುಕೊಳ್ಳದೆ ಕುಗ್ಗಿಸುವ ಎಫ್‌ಎಫ್‌ವಿ1 ಎಂಬ ವಿಧಾನದಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಬಳಸಲು ಯಾರಿಗೂ ಹಣ ಕೊಡಬೇಕಾಗಿಲ್ಲ.

ಐದು: ಸಮಯದ ಲೆಕ್ಕ. ಒಂದು ಗಂಟೆಯ ಟೇಪನ್ನು ಇಳಿಸಲು ಒಂದು ಗಂಟೆಯೇ ಬೇಕು, ಅವಸರದ ದಾರಿಯಿಲ್ಲ. ಕೇಳಿ ಪರೀಕ್ಷಿಸಲು, ವಿವರ ಬರೆಯಲು ಮತ್ತೆ ಅಷ್ಟೇ ಹೊತ್ತು. ಆದ್ದರಿಂದ ಮುಖ್ಯವಾದುದರಿಂದ ಪ್ರಾರಂಭಿಸಿ. ವರ್ಗಾವಣೆಯಾದ ಮೇಲೂ ಮೂಲ ಟೇಪನ್ನು ಎಸೆಯಬೇಡಿ.

ಫೈಲಿಗೆ ಹೆಸರಿಡುವುದು

‘ನ್ಯೂ ಫೋಲ್ಡರ್’, ‘ಫೈನಲ್’, ‘ಫೈನಲ್ ಎರಡು’, ‘ಲೇಟೆಸ್ಟ್ ಫೈನಲ್’ ಇಂಥ ಹೆಸರುಗಳು ಇಟ್ಟವರಿಗೇ ಮರುವರ್ಷ ಅರ್ಥವಾಗುವುದಿಲ್ಲ. ಹೆಸರು ದಿನಾಂಕದಿಂದ ಶುರುವಾಗಲಿ: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಉದಾಹರಣೆಗೆ ‘2024-09-08_ತೆನೆಹಬ್ಬ_ಮೆರವಣಿಗೆ_01’. ಹೀಗೆ ಮಾಡಿದರೆ ಕಂಪ್ಯೂಟರು ಫೈಲುಗಳನ್ನು ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಕನ್ನಡ ಅಕ್ಷರವೋ ಇಂಗ್ಲಿಷ್ ಅಕ್ಷರವೋ, ಒಂದನ್ನು ಆರಿಸಿಕೊಂಡು ಎಲ್ಲರೂ ಅದನ್ನೇ ಪಾಲಿಸಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಕಾರ್ಯಕ್ರಮಕ್ಕೆ ಮುಂಚೆ ನೋಡಿಕೊಳ್ಳಿ. ಅದು ತಪ್ಪಿದ್ದರೆ ಎಲ್ಲ ಫೋಟೋಗಳಿಗೂ ತಪ್ಪು ದಿನಾಂಕವೇ ಅಂಟಿಕೊಳ್ಳುತ್ತದೆ.

ಮೂರು ಪ್ರತಿ, ಎರಡು ಬಗೆ, ಒಂದು ದೂರದಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸರಳ ಸೂತ್ರವೊಂದಿದೆ. ಪ್ರತಿ ಫೈಲಿಗೂ ಮೂರು ಪ್ರತಿಗಳಿರಲಿ, ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಕಚೇರಿಯ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು, ಬೇರೆ ಊರಿನ ಸೋದರ ಸಂಸ್ಥೆಯಲ್ಲೋ ಸಂಸ್ಥೆಯ ಹೆಸರಿನ ಕ್ಲೌಡ್ ಖಾತೆಯಲ್ಲೋ ಮೂರನೆಯದು. ಸಿಡಿಲು ಬಡಿದರೆ ಒಂದೇ ಕೋಣೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿಟ್ಟ ಕಂಪ್ಯೂಟರೂ ಡಿಸ್ಕೂ ಒಟ್ಟಿಗೆ ಹೋಗುತ್ತವೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಮಾಡಿದರೆ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಬೇಕು. 1998ರಲ್ಲಿ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ. ತಂಡದ ಗ್ಯಾಲಿನ್ ಸಸ್ಮನ್ ಎಂಬ ಮಹಿಳೆ ಮಗುವಿನ ಆರೈಕೆಗಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಫೈಲು ಬದಲಾಗದೆ ಇದೆಯೇ ಎಂದು ತಿಳಿಯಲು ‘ಚೆಕ್‌ಸಮ್’ ಎಂಬ ಉಪಾಯವಿದೆ. ಇದನ್ನು ಫೈಲಿನ ಬೆರಳಚ್ಚು ಎನ್ನಬಹುದು. ಉಚಿತ ತಂತ್ರಾಂಶಗಳು ಫೈಲನ್ನು ಓದಿ ಒಂದು ಉದ್ದನೆಯ ಸಂಕೇತ ಕೊಡುತ್ತವೆ, ಅದನ್ನು ಪಟ್ಟಿಯೊಂದಿಗೆ ಉಳಿಸಿಡಬೇಕು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಮುಂದಿನ ಬಾರಿ ಸಂಕೇತ ಬೇರೆ ಬರುತ್ತದೆ. ಆಗ ಹಾಳಾದ ಪ್ರತಿಯನ್ನು ತೆಗೆದು ಒಳ್ಳೆಯ ಪ್ರತಿಯಿಂದ ಇನ್ನೊಂದು ಮಾಡಿಕೊಳ್ಳಬಹುದು. ಐದಾರು ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕನ್ನೇ ಬದಲಾಯಿಸುವುದು ಕ್ಷೇಮ. ಈ ಖರ್ಚು ಸಂಸ್ಥೆಯ ವಾರ್ಷಿಕ ಬಜೆಟ್ಟಿನಲ್ಲಿ ಒಂದು ಸಾಲಾಗಿ ಇರಬೇಕು.

ಯಾವುದನ್ನು ಇಟ್ಟುಕೊಳ್ಳಬೇಕು?

ಎಲ್ಲವನ್ನೂ ಇಟ್ಟುಕೊಂಡರೆ ಯಾವುದೂ ಸಿಗುವುದಿಲ್ಲ. ಒಂದೇ ದೃಶ್ಯದ ನಲವತ್ತು ಫೋಟೋಗಳಲ್ಲಿ ಒಳ್ಳೆಯ ನಾಲ್ಕನ್ನು ಆರಿಸಿ. ವೇದಿಕೆಯ ಮೇಲಿನ ಗಣ್ಯರ ಜೊತೆಗೆ ಅಡುಗೆ ಮಾಡಿದವರನ್ನು, ಚಪ್ಪರ ಹಾಕಿದವರನ್ನು, ಎದುರು ಕುಳಿತ ಜನರನ್ನು, ಸುತ್ತಲಿನ ರಸ್ತೆ, ಮರ, ಕಟ್ಟಡಗಳನ್ನು ತೋರಿಸುವ ಚಿತ್ರಗಳನ್ನೂ ಉಳಿಸಿ. ಐವತ್ತು ವರ್ಷಗಳ ನಂತರ ಜನ ಹುಡುಕುವುದು ಹಾರ ಹಾಕುವ ದೃಶ್ಯವನ್ನಲ್ಲ, ತಮ್ಮ ಅಜ್ಜ ಅಜ್ಜಿಯ ಮುಖವನ್ನು. ಆಯ್ಕೆಯನ್ನು ಒಬ್ಬರೇ ಮಾಡದೆ ಇಬ್ಬರು ಮೂವರು ಸೇರಿ, ಕಾರ್ಯಕ್ರಮ ಮುಗಿದ ತಿಂಗಳೊಳಗೆ ಮಾಡಿ ಮುಗಿಸಿ.

ಸಿಸಿಟಿವಿ ಕ್ಯಾಮೆರಾಗಳ ದೃಶ್ಯ ಬೇರೆಯೇ ಬಗೆಯದು. ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸತು ಬರೆದುಕೊಳ್ಳುತ್ತದೆ. ಕಳವೋ ಅಪಘಾತವೋ ನಡೆದರೆ ಕೂಡಲೇ ಪ್ರತಿ ತೆಗೆದಿಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಡಿಜಿಟಲ್ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ನೀಡುವ ಪ್ರಮಾಣಪತ್ರದಲ್ಲಿ ಮೇಲೆ ಹೇಳಿದ ಬೆರಳಚ್ಚು ಸಂಕೇತವನ್ನೂ ನಮೂದಿಸಬೇಕಾಗುತ್ತದೆ.

ಕಾನೂನು ಮತ್ತು ಮರ್ಯಾದೆ

ನಮ್ಮ ಬಳಿ ದಾಖಲೆ ಇದೆ ಎಂದ ಮಾತ್ರಕ್ಕೆ ಅದನ್ನು ಎಲ್ಲಿ ಬೇಕಾದರೂ ಪ್ರಕಟಿಸುವ ಹಕ್ಕು ನಮಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಬೇರೆ ಬೇರೆ ಹಕ್ಕುಗಳಿವೆ. ಹಣ ಕೊಟ್ಟು ಫೋಟೋ ಅಥವಾ ವಿಡಿಯೋ ತೆಗೆಸಿದಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕು ತೆಗೆಸಿದವರದ್ದು ಎಂದು ಅದೇ ಕಾಯ್ದೆ ಹೇಳುತ್ತದೆ. ಆದರೂ ಮೂಲ ಫೈಲುಗಳನ್ನು ಕೊಡಬೇಕೆಂದು ಛಾಯಾಗ್ರಾಹಕರ ಬಳಿ ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಸಂಕಲನ ಮಾಡಿದ ವಿಡಿಯೋ ಒಂದೇ ಸಾಲದು.

ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ ಹೆತ್ತವರ ಅಥವಾ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನಿನ ಮಾತು ಹಾಗಿರಲಿ, ಆಸ್ಪತ್ರೆಯಲ್ಲಿ ಮಲಗಿದವರ, ನೆರವು ಪಡೆಯುವ ಬಡವರ, ದುಃಖದಲ್ಲಿರುವ ಮನೆಯವರ ಚಿತ್ರವನ್ನು ಅವರ ಮನಸ್ಸಿಲ್ಲದೆ ಹಂಚುವುದು ಸರಿಯಲ್ಲ. ಯಾವುದು ಎಲ್ಲರಿಗೂ, ಯಾವುದು ಸಂಸ್ಥೆಯೊಳಗೆ ಮಾತ್ರ, ಯಾವುದು ಸದ್ಯಕ್ಕೆ ಮುಚ್ಚಿಡಬೇಕಾದದ್ದು ಎಂದು ಪಟ್ಟಿಯಲ್ಲೇ ಗುರುತು ಹಾಕಿ.

ಯಾರು ಹೊಣೆ?

ಮೇಲಿನ ಎಲ್ಲ ಕೆಲಸಗಳೂ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಲೆಕ್ಕಪತ್ರಕ್ಕೆ ಖಜಾಂಚಿ ಇರುವಂತೆ ದಾಖಲೆಗಳಿಗೂ ಒಬ್ಬರು ಹೊಣೆಗಾರರು ಬೇಕು. ತಂತ್ರಜ್ಞಾನ ತಿಳಿದ ಯುವಕ ಯುವತಿಯೊಬ್ಬರು, ಊರಿನ ಇತಿಹಾಸ ತಿಳಿದ ಹಿರಿಯರೊಬ್ಬರು ಜೋಡಿಯಾಗಿ ಕೆಲಸ ಮಾಡಿದರೆ ಇನ್ನೂ ಚೆನ್ನ. ಖಾತೆಗಳು, ಪಾಸ್‌ವರ್ಡ್‌ಗಳು ಸಂಸ್ಥೆಯ ಹೆಸರಿನಲ್ಲಿರಲಿ. ಪದಾಧಿಕಾರಿಗಳು ಬದಲಾದಾಗ ಬೀಗದ ಕೈ, ಚೆಕ್ ಪುಸ್ತಕಗಳ ಜೊತೆ ಈ ಪಟ್ಟಿ ಮತ್ತು ಡಿಸ್ಕುಗಳೂ ಸಹಿ ಹಾಕಿ ಹಸ್ತಾಂತರವಾಗಲಿ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಐದು ನಿಮಿಷದ ವರದಿ ಬರಲಿ: ಈ ವರ್ಷ ಏನು ಸೇರಿತು, ಯಾವುದು ಹಾಳಾಗಿತ್ತು, ಪರೀಕ್ಷೆ ಯಾವಾಗ ಆಯಿತು.

ದಾಖಲೆ ಕಾಪಿಡುವುದು ನಮಗೆ ಹೊಸತೇನಲ್ಲ. ಪ್ರತಿ ಧರ್ಮಕೇಂದ್ರದಲ್ಲಿ ದಾಖಲೆ ಪುಸ್ತಕಗಳೂ ದಾಖಲೆ ಸಂಗ್ರಹವೂ ಇರಬೇಕೆಂದು ಧರ್ಮಸಭೆಯ ಕಾನೂನಿನ 535ನೇ ವಿಧಿ ಹೇಳುತ್ತದೆ. ಸಂತ 23ನೇ ಜಾನ್ ಪೋಪರು 1959ರಲ್ಲೇ ವ್ಯಾಟಿಕನ್ನಿನಲ್ಲಿ ಚಲನಚಿತ್ರಗಳ ಸಂಗ್ರಹಾಲಯವನ್ನು ಸ್ಥಾಪಿಸಿದ್ದರು. ದೀಕ್ಷಾಸ್ನಾನದ ಪುಸ್ತಕವನ್ನು ತಲೆಮಾರುಗಳಿಂದ ಶ್ರದ್ಧೆಯಿಂದ ಕಾಪಾಡಿದ ಕೈಗಳಿಗೆ ಒಂದು ಹಾರ್ಡ್ ಡಿಸ್ಕನ್ನು ನೋಡಿಕೊಳ್ಳುವುದು ಕಷ್ಟವಾಗಲಾರದು. ಆ ಪುಸ್ತಕ ಉಳಿದದ್ದು ಅದರ ಹೊಣೆ ಒಬ್ಬರ ಮೇಲಿತ್ತು ಎನ್ನುವ ಕಾರಣಕ್ಕೆ, ಪ್ರತಿ ಸಾಲಿನಲ್ಲೂ ಹೆಸರು, ದಿನಾಂಕ ಬರೆದಿದ್ದರು ಎನ್ನುವ ಕಾರಣಕ್ಕೆ.

ಯುನೆಸ್ಕೊ 2005ರಲ್ಲಿ ನಿರ್ಧರಿಸಿದಂತೆ ಪ್ರತಿ ವರ್ಷ ಅಕ್ಟೋಬರ್ 27ನ್ನು ವಿಶ್ವ ದೃಶ್ಯ-ಶ್ರವ್ಯ ಪರಂಪರೆಯ ದಿನವಾಗಿ ಆಚರಿಸಲಾಗುತ್ತದೆ. ಮಳೆಗಾಲ ಮುಗಿದು ಕಪಾಟುಗಳನ್ನು ತೆರೆದು ಗಾಳಿಯಾಡಿಸುವ ಸಮಯ ಅದು. ನಮ್ಮ ಸಂಘ ಸಂಸ್ಥೆಗಳು ವರ್ಷದ ತಪಾಸಣೆಗೆ ಅದೇ ದಿನವನ್ನು ಇಟ್ಟುಕೊಳ್ಳಬಹುದು. ಆದರೆ ಹಿರಿಯರ ಬಳಿ ಹೆಸರು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಅಕ್ಟೋಬರ್ ತನಕ ಕಾಯುವುದು ಬೇಡ. ಒಂದು ಪುಸ್ತಕ, ಒಂದು ಪೆನ್ಸಿಲ್, ಒಂದು ಹಳೆಯ ಆಲ್ಬಮ್ ಹಿಡಿದು ಈ ಭಾನುವಾರವೇ ಅವರ ಮನೆಗೆ ಹೋಗೋಣ.